ಪೆಟ್ಟಿಗೆಯಲ್ಲಿ ಬಂದ ಪಾಠಶಾಲೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಮೆರಿಕದ ಓಹಾಯೋ ರಾಜ್ಯದಿಂದ ದೂರವಾಣಿ ಮಾಡಿದ್ದಳು. ಎಂಟನೆಯ ತರಗತಿಯಲ್ಲಿ ಎರಡನೆಯ ಬೆಂಚಿನ ತುದಿಯಲ್ಲಿ ಕುಳಿತು, ಉತ್ತರ ಗೊತ್ತಿದ್ದರೂ ಕೈ ಎತ್ತದೆ ಇರುತ್ತಿದ್ದ ಹುಡುಗಿ. ಈಗ ಐದು ವರ್ಷದ ಮಗಳ ತಾಯಿ. "ಟೀಚರ್, ಇವಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಬೇಕೆಂದು ನಾವಿಬ್ಬರೂ ನಿಶ್ಚಯಿಸಿದ್ದೇವೆ. ನಮ್ಮ ಚರ್ಚಿನಲ್ಲಿ ಎಷ್ಟೋ ಮನೆಯವರು ಹಾಗೆಯೇ ಮಾಡುತ್ತಾರೆ. ಆದರೆ ಯಾವ ಕ್ರೈಸ್ತ ಪಠ್ಯಕ್ರಮ ತರಿಸಬೇಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ನಿಮ್ಮ ಮಗಳು ಟೆಕ್ಸಸ್ಸಿನಲ್ಲಿ ಮನೆಯಲ್ಲೇ ಕಲಿಸುತ್ತಿದ್ದಾಳಲ್ಲವೆ? ನೀವೇ ಒಂದು ಹೆಸರು ಹೇಳಿಬಿಡಿ" ಎಂದಳು.

ಒಂದು ಹೆಸರು ಹೇಳಿ ಮುಗಿಸುವ ವಿಷಯ ಇದಲ್ಲ. ಇದೇ ಪ್ರಶ್ನೆಯನ್ನು ಈ ಮೊದಲು ಇನ್ನಿಬ್ಬರು ಕೇಳಿದ್ದರು. ಆದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ. ಮನೆಯಲ್ಲಿ ಕಲಿಸುವ ಯೋಚನೆಯೇ ಇಲ್ಲದ ನಮ್ಮ ಬಂಧುಗಳೂ ಓದಲಿ. ಅವರ ಪೈಕಿ ಕೆಲವರು ನನ್ನ ಮಗಳ ವಿಷಯವಾಗಿ ಏನೇನು ಮಾತಾಡಿಕೊಂಡರೆಂಬುದು ನನ್ನ ಕಿವಿಗೂ ಬಿದ್ದಿದೆ.

ಮೊದಲು ನನ್ನ ತಪ್ಪೊಪ್ಪಿಗೆ. 2023ರ ಬೇಸಗೆಯಲ್ಲಿ ಮಗಳು ಈ ಸುದ್ದಿ ತಿಳಿಸಿದಾಗ ಎಲ್ಲರಿಗಿಂತ ಹೆಚ್ಚು ಸಿಟ್ಟಾದವಳು ನಾನೇ. ಮೂವತ್ತನಾಲ್ಕು ವರ್ಷ ಕಾರ್ಕಳ ತಾಲೂಕಿನಲ್ಲಿ ಪ್ರೌಢಶಾಲಾ ಶಿಕ್ಷಕಿಯಾಗಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸಿದವಳು ನಾನು. ಶಾಲೆ ಬಿಟ್ಟ ಹುಡುಗಿಯರ ಮನೆ ಹುಡುಕಿಕೊಂಡು ಹೋಗಿ, ಸೂಪು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ತಾಯಂದಿರೊಡನೆ ವಾದ ಮಾಡಿ, ಅವರನ್ನು ಮರಳಿ ತರಗತಿಗೆ ಕರೆತಂದವಳು. ಅಂಥವಳ ಮಗಳೇ ತನ್ನ ಮಗನನ್ನು ಶಾಲೆಗೆ ಕಳಿಸುವುದಿಲ್ಲವೆಂದರೆ ಹೇಗಾಗಬೇಡ? "ನಾನು ಜೀವಮಾನವಿಡೀ ಮಾಡಿದ ಕೆಲಸ ವ್ಯರ್ಥವೆಂದು ನೀನು ಹೇಳಿದ ಹಾಗಾಯಿತು" ಎಂದುಬಿಟ್ಟೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ, "ಅಮ್ಮ, ನೀನು ದಿನಾ ಎಂಟು ಗಂಟೆಯ ಬಸ್ಸಿಗೆ ಪರರ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಿದ್ದೆ. ನನಗೆ ಅಕ್ಷರ ಕಲಿಸಿದ್ದು ಅಜ್ಜಿ. ಅದಾದರೂ ನಿನಗೆ ನೆನಪಿದೆಯೇ?" ಎಂದಳು.

ನೆನಪಿರಲಿಲ್ಲ. ಐದನೆಯ ತರಗತಿಯನ್ನಷ್ಟೇ ಓದಿದ್ದ ನನ್ನ ಅಮ್ಮ, ಮಧ್ಯಾಹ್ನದ ಹೊತ್ತು ಚಾವಡಿಯಲ್ಲಿ ಕುಳಿತು, ದಪ್ಪಕ್ಷರದ ಸತ್ಯವೇದವನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಮೊಮ್ಮಗಳಿಗೆ ಕಲಿಸಿದ್ದಳು. ಸಂಜೆ ನಾನು ಮನೆ ತಲಪುವಾಗ ಸ್ಲೇಟನ್ನು ಒರೆಸಿಟ್ಟಾಗಿರುತ್ತಿತ್ತು. ಆ ಮಾತಿನ ಮುಂದೆ ನನ್ನ ಬಿ.ಎಡ್. ಪದವಿ ನಿಲ್ಲಲಿಲ್ಲ. ಅದೇ ಆಗಸ್ಟಿನಲ್ಲಿ ಟಿಕೆಟು ಮಾಡಿಸಿ ಹೊರಟೆ. ಹತ್ತಿರ ಹತ್ತಿರ ಆರು ತಿಂಗಳು ಅಲ್ಲಿದ್ದೆ. ಆಗ ಮೊಮ್ಮಗನಿಗೆ ಆರು, ಮೊಮ್ಮಗಳಿಗೆ ಮೂರೂವರೆ.

ಅಲ್ಲಿನ ವ್ಯವಸ್ಥೆ ನಮ್ಮವರಿಗೆ ಅಪರಿಚಿತವಾದ್ದರಿಂದ ಎರಡು ಮಾತು. ಅಮೆರಿಕದಲ್ಲಿ ಮನೆಶಿಕ್ಷಣ ಕೇವಲ ಧರ್ಮಶ್ರದ್ಧೆಯಿಂದ ಹುಟ್ಟಿದ್ದಲ್ಲ. 1977ರಲ್ಲಿ ಇದಕ್ಕಾಗಿಯೇ ಒಂದು ಪತ್ರಿಕೆ ಆರಂಭಿಸಿದ ಜಾನ್ ಹೋಲ್ಟ್ ಚರ್ಚಿನ ಕಡೆಯವರಲ್ಲ. ಶಾಲೆ ಮಕ್ಕಳ ಕುತೂಹಲವನ್ನು ಕೊಲ್ಲುತ್ತದೆಂದು ನೊಂದ ಒಬ್ಬ ಶಿಕ್ಷಕ. ಅದಕ್ಕೆ ಎರಡು ವರ್ಷ ಮೊದಲೇ, ಅಡ್ವೆಂಟಿಸ್ಟ್ ಪಂಥದ ರೇಮಂಡ್ ಮತ್ತು ಡೊರೋತಿ ಮೂರ್ ದಂಪತಿಗಳು, ಎಳೆಯ ಮಕ್ಕಳನ್ನು ಅವಸರದಿಂದ ಪಾಠಕ್ಕೆ ಕೂರಿಸಬಾರದೆಂದು ಪುಸ್ತಕ ಬರೆದಿದ್ದರು. ಕ್ರೈಸ್ತ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಸೇರಿಕೊಂಡದ್ದು ಅನಂತರ. 1990ರ ದಶಕದ ಆರಂಭದ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಇದು ಕಾನೂನುಬದ್ಧವಾಯಿತು. ನಿಯಮ ಮಾತ್ರ ರಾಜ್ಯಕ್ಕೊಂದು. ನ್ಯೂಯಾರ್ಕಿನಲ್ಲಿ ವರ್ಷದ ಯೋಜನೆಯನ್ನೂ ಮೂರು ತಿಂಗಳಿಗೊಮ್ಮೆ ವರದಿಯನ್ನೂ ಸಲ್ಲಿಸಬೇಕು. ಟೆಕ್ಸಸ್ಸಿನಲ್ಲಿ, 1994ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪಿನ ಪ್ರಕಾರ, ಮನೆಶಾಲೆಯೂ ಒಂದು ಖಾಸಗಿ ಶಾಲೆ. ಓದು, ಕಾಗುಣಿತ, ವ್ಯಾಕರಣ, ಗಣಿತ, ಸತ್ಪ್ರಜೆಯ ಲಕ್ಷಣ ಎಂಬ ಐದು ವಿಷಯಗಳನ್ನು ಪ್ರಾಮಾಣಿಕವಾಗಿ ಕಲಿಸಿದರೆ ಸಾಕು. ಈ ಪಟ್ಟಿಯಲ್ಲಿ ಇತಿಹಾಸವೂ ಇಲ್ಲ, ವಿಜ್ಞಾನವೂ ಇಲ್ಲ. ಸಮಾಜ ವಿಜ್ಞಾನದ ಶಿಕ್ಷಕಿಯಾದ ನನಗೆ ಇದನ್ನು ಕೇಳಿ ಆ ರಾತ್ರಿ ನಿದ್ರೆ ಬರಲಿಲ್ಲ.

ನಾನು ಹೋಗುವ ಮೊದಲೇ ಮಗಳು ಒಂದು ಪೆಟ್ಟಿಗೆ ತರಿಸಿಯಾಗಿತ್ತು. ಅಕ್ಷರಶಃ ಪೆಟ್ಟಿಗೆಯೇ. ನೂರಾರು ಡಾಲರು ಕೊಟ್ಟರೆ ಒಂದು ವರ್ಷದ ಸಕಲವೂ ಅದರಲ್ಲಿ ಬರುತ್ತದೆ: ಓದುವ ಪುಸ್ತಕ, ಬರೆಯುವ ಪುಸ್ತಕ, ಬಣ್ಣದ ಚಿತ್ರಪಟ, ಬೈಬಲ್ ಕಥೆಯ ಚಿತ್ರಗಳು, ಯಾವ ದಿನ ಯಾವ ಪುಟವೆಂದು ಕೋಷ್ಟಕ ಹಾಕಿದ ತಾಯಿಯ ಕೈಪಿಡಿ. ಆ ಕೈಪಿಡಿಯನ್ನು ಕಂಡಾಗ ನನಗೆ ನಗು ಬಂತು. ಬಿ.ಎಡ್. ಓದುವಾಗ ಹರ್ಬಾರ್ಟನ ಪಂಚಸೋಪಾನಗಳ ಪ್ರಕಾರ ನಾವು ಪಾಠ ಟಿಪ್ಪಣಿ ಬರೆದು ಬರೆದು ಬೆರಳು ನೋಯಿಸಿಕೊಂಡಿದ್ದೆವು. ಇಲ್ಲಿ ಅದನ್ನು ಯಾರೋ ಬರೆದು, ಮುದ್ರಿಸಿ, ಮಾರುತ್ತಿದ್ದಾರೆ!

ಈ ಪಠ್ಯಕ್ರಮಗಳು ಯಾರಿಗಾಗಿ ಹುಟ್ಟಿದವು ಎಂಬುದನ್ನು ನೋಡಿದರೆ ಆಯ್ಕೆಯ ಅರ್ಧ ಕೆಲಸ ಮುಗಿಯುತ್ತದೆ. ಫ್ಲಾರಿಡಾದ ಪೆನ್ಸಕೋಲದಿಂದ ಬರುವ ಅಬೆಕಾ, 1972ರಲ್ಲಿ ಆರಂಭವಾದದ್ದು, ಕ್ರೈಸ್ತ ಶಾಲೆಗಳಿಗಾಗಿ. ದಕ್ಷಿಣ ಕೆರೊಲಿನಾದ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಪುಸ್ತಕಗಳೂ ಹಾಗೆಯೇ. ಎರಡರಲ್ಲೂ ಶಾಲೆಯ ಶಿಸ್ತಿದೆ, ಅಭ್ಯಾಸದ ಹಾಳೆಗಳಿವೆ, ಪರೀಕ್ಷೆಗಳಿವೆ. 1990ರಲ್ಲಿ ಆರಂಭವಾದ ಸನ್‌ಲೈಟ್, ಹೊರದೇಶಗಳಲ್ಲಿದ್ದ ಮಿಶನರಿ ಕುಟುಂಬಗಳ ಅಗತ್ಯವನ್ನು ಕಂಡು ಹುಟ್ಟಿದ್ದು. ಆದ್ದರಿಂದ ಅದರಲ್ಲಿ ಅಭ್ಯಾಸದ ಹಾಳೆಗಿಂತ ಕಥೆಪುಸ್ತಕಗಳೇ ಹೆಚ್ಚು, ತಾಯಿಯೇ ಗಟ್ಟಿಯಾಗಿ ಓದಿ ಹೇಳಬೇಕು. ಇನ್ನು ಕೆಲವರು ಇಂಗ್ಲೆಂಡಿನ ಶಾರ್ಲಟ್ ಮೇಸನ್ ಅವರ ದಾರಿ ಹಿಡಿಯುತ್ತಾರೆ. 1886ರಲ್ಲಿ ಮನೆಶಿಕ್ಷಣದ ಬಗ್ಗೆ ಪುಸ್ತಕ ಬರೆದ ಈ ಮಹಾತಾಯಿ, ಆರು ವರ್ಷದವರೆಗೆ ಮಗುವಿಗೆ ಕ್ರಮಬದ್ಧ ಪಾಠವೇ ಬೇಡ, ಹೊರಗೆ ಬಯಲಿನಲ್ಲಿ ಬಿಡಿ ಎಂದವರು. ಅವರ ಮಾರ್ಗವನ್ನನುಸರಿಸಿದ ಒಂದು ಪಠ್ಯಕ್ರಮ ಅಂತರಜಾಲದಲ್ಲಿ ಉಚಿತವಾಗಿಯೇ ದೊರೆಯುತ್ತದೆ. ನಮ್ಮ ಕೆಥೋಲಿಕ್ ಬಂಧುಗಳು ವರ್ಜೀನಿಯಾದ ಸೀಟನ್ ಮನೆಶಾಲೆಯ ಪುಸ್ತಕಗಳನ್ನು ನೋಡಬಹುದು. ಪ್ರಾಟೆಸ್ಟಂಟರ ಇತಿಹಾಸದ ಪುಸ್ತಕದಲ್ಲಿ ಅವರ ಸಭೆಯ ಚಿತ್ರಣ ಅವರಿಗೆ ಹಿಡಿಸಲಿಕ್ಕಿಲ್ಲ.

ಮಗಳು ಯಾವುದನ್ನು ತರಿಸಿದ್ದಳೆಂದು ಹೇಳುವುದಿಲ್ಲ. ಶಾಲೆಗಾಗಿ ಮಾಡಿದ ಬಗೆಯದು ಎಂದರೆ ಸಾಕು. ಯಾವ ಅಂಶವೂ ಬಿಟ್ಟುಹೋಗಬಾರದೆಂಬ ಭಯದಿಂದ ಅವಳು ಅದನ್ನು ಆರಿಸಿದ್ದಳು. ಆ ಭಯ ನನಗೆ ಅರ್ಥವಾಗುತ್ತದೆ. ನೆಂಟರು, ನೆರೆಯವರು, ಸ್ವಂತ ತಾಯಿ ಎಲ್ಲರೂ ಕಣ್ಣಿಟ್ಟು ಕಾಯುತ್ತಿರುವಾಗ ಪೆಟ್ಟಿಗೆಯ ಕೋಷ್ಟಕವೊಂದೇ ಅವಳಿಗೆ ಸಾಕ್ಷಿ.

ಮೊದಲ ವಾರ ನಾನು ಬಾಯಿ ಬಿಡಲಿಲ್ಲ. ಊಟದ ಮೇಜಿನ ಒಂದು ಬದಿಯಲ್ಲಿ ಕುಳಿತು ನೋಡಿದೆ. ಒಂಬತ್ತಕ್ಕೆ ಪ್ರಾರ್ಥನೆ, ಬಳಿಕ ಬೈಬಲ್ ವಚನದ ಬಾಯಿಪಾಠ, ಇಂಗ್ಲಿಷ್ ಅಕ್ಷರಧ್ವನಿ, ಅಂದದ ಬರವಣಿಗೆ, ಗಣಿತದ ಎರಡು ಹಾಳೆ, ಕಾಗುಣಿತ, ಮತ್ತೆ ಓದು. ಹನ್ನೆರಡೂವರೆಗೆ ಹುಡುಗನ ಕಣ್ಣು ತುಂಬಿರುತ್ತಿತ್ತು. ನಾಲ್ಕನೆಯ ದಿನ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡೆ. ಗಣಿತಕ್ಕೆ ಕುಳಿತ ಹದಿನಾಲ್ಕನೆಯ ನಿಮಿಷಕ್ಕೆ ಅವನ ದೃಷ್ಟಿ ಕಿಟಕಿಯ ಹೊರಗಿನ ಅಳಿಲಿನ ಮೇಲಿತ್ತು. ಎಂಟು ವರ್ಷದೊಳಗಿನ ಮಕ್ಕಳಿಗೆ ಇಪ್ಪತ್ತು ನಿಮಿಷ ಮೀರಿದ ಪಾಠ ಬೇಡವೆಂದು ಮೇಸನ್ ಬರೆದು ನೂರಮೂವತ್ತು ವರ್ಷಗಳ ಮೇಲಾಯಿತು. ಅಳಿಲಿನ ಮುಂದೆ ಇಪ್ಪತ್ತೂ ಹೆಚ್ಚೇ.

ಆ ಸಂಜೆ ಮಗಳಿಗೆ ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ, ಏಕೆಂದರೆ ಇದು ನನಗೆ ಖಚಿತವಾಗಿ ಗೊತ್ತಿರುವ ವಿಷಯ. ಶಾಲೆಯ ಪುಸ್ತಕದಲ್ಲಿ ಒಂದೇ ಬಗೆಯ ಇಪ್ಪತ್ತು ಲೆಕ್ಕಗಳೇಕೆ ಇರುತ್ತವೆ? ತರಗತಿಯಲ್ಲಿ ನಲವತ್ತು ಮಕ್ಕಳಿರುತ್ತಾರೆ. ಐದು ಲೆಕ್ಕಕ್ಕೆ ಅರ್ಥವಾದವನು, ಅರ್ಥವಾಗದವನ ಬಳಿ ಶಿಕ್ಷಕಿ ಇರುವಷ್ಟು ಹೊತ್ತು, ಗಲಾಟೆ ಮಾಡದೆ ಉಳಿದ ಹದಿನೈದನ್ನು ಮಾಡುತ್ತಿರಬೇಕು. ಆ ಹದಿನೈದು ಲೆಕ್ಕಗಳು ಇರುವುದು ಕಲಿಕೆಗಲ್ಲ, ಶಿಕ್ಷಕಿಯ ಅನುಕೂಲಕ್ಕೆ. ನನ್ನ ತರಗತಿಯಲ್ಲಿ ಕುಳಿತಿದ್ದ ನೀವೆಲ್ಲ ಈ ಗುಟ್ಟಿಗಾಗಿ ನನ್ನನ್ನು ಕ್ಷಮಿಸಬೇಕು. ಮನೆಯಲ್ಲಿ ಇರುವುದು ಒಂದೇ ಮಗು. ಅವನಿಗೆ ಅರ್ಥವಾದ ಕ್ಷಣದಲ್ಲಿ ಆ ಹಾಳೆ ಮುಗಿಯಿತು.

"ಬಿಟ್ಟರೆ ನಷ್ಟವಲ್ಲವೆ, ಅಮ್ಮ? ದುಡ್ಡು ಕೊಟ್ಟಿದ್ದೇವೆ" ಎಂದಳು. ನಾನು ಸಮಾಜ ವಿಜ್ಞಾನದ ಪುಸ್ತಕವನ್ನು ಯಾವ ವರ್ಷವೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಸಮನೆ ಮಾಡಿದವಳಲ್ಲವೆಂದು ಒಪ್ಪಿಕೊಂಡೆ. ಇಬ್ಬರೂ ಕೆಂಪು ಪೆನ್ಸಿಲು ಹಿಡಿದು ಕೂತೆವು. ಬರವಣಿಗೆ ಪುಟದ ಬದಲು ಎರಡು ಸಾಲು ಆಯಿತು. ಅವನಿಗೆ ಆಗಲೇ ಓದಲು ಬರುತ್ತಿದ್ದ ಪದಗಳ ಹಾಳೆಗಳನ್ನು ದಾಟಿದೆವು. ಗಣಿತದಲ್ಲಿ ಅಂಕಿಗಳ ಹಾಳೆಗೆ ಮೊದಲು ಕೈಗೆ ಸಿಗುವ ವಸ್ತು. ಅದಕ್ಕೆಂದು ಪ್ಲಾಸ್ಟಿಕ್ಕಿನ ತುಂಡುಗಳನ್ನು ಬೇರೆ ಮಾರುತ್ತಾರೆ. ಹಿತ್ತಲಲ್ಲಿ ಪೀಕನ್ ಮರವಿತ್ತು, ಅಕ್ಟೋಬರಿನಿಂದಾಚೆಗೆ ನೆಲದ ತುಂಬ ಕಾಯಿ. ನಾವು ಹುಣಸೆ ಬೀಜದಲ್ಲಿ ಲೆಕ್ಕ ಕಲಿತವರಲ್ಲವೆ? ಹತ್ತು ಹತ್ತರ ರಾಶಿ ಮಾಡಿ, ಒಂದು ರಾಶಿಯನ್ನು ಒಡೆದು ಕಳೆಯುವ ಲೆಕ್ಕವನ್ನು ಅವನು ಒಂದು ಮಧ್ಯಾಹ್ನದಲ್ಲಿ ಕಲಿತ. ಕಳೆದ ಕಾಯಿಗಳನ್ನು ತಂಗಿ ತಿಂದಳು.

ಎಲ್ಲವನ್ನೂ ಕತ್ತರಿಸಿದೆವೆಂದು ತಿಳಿಯಬೇಡಿ. ಇಂಗ್ಲಿಷಿನ ಅಕ್ಷರಧ್ವನಿಯನ್ನು ಅಬೆಕಾದಂಥ ಪುಸ್ತಕಗಳು ಕಲಿಸುವ ಕ್ರಮ ನನಗೆ ಬಹಳ ಹಿಡಿಸಿತು. ಒಂದು ವ್ಯಂಜನಕ್ಕೆ ಐದು ಸ್ವರಗಳನ್ನು ಸಾಲಾಗಿ ಕೂಡಿಸಿ, ಏಣಿಯ ಮೆಟ್ಟಿಲಿನಂತೆ ಜೋಡಿಸಿ, ಮಗುವಿನಿಂದ ಹೇಳಿಸುತ್ತಾರೆ. ನೋಡಿದೊಡನೆ, "ಇದು ನಮ್ಮ ಬಳ್ಳಿಯಲ್ಲವೆ!" ಎಂದು ಕೂಗಿದೆ. ಕ ಕಾ ಕಿ ಕೀ ಎಂದು ನಮ್ಮ ಮಕ್ಕಳು ತಲೆ ತೂಗುತ್ತ ಹೇಳುವ ಅದೇ ವಿದ್ಯೆ. ಮರುದಿನವೇ ಆ ಏಣಿಯ ಪಕ್ಕದಲ್ಲಿ ಕನ್ನಡದ ಬಳ್ಳಿಯನ್ನು ಬರೆದಿಟ್ಟೆ. ಇಂಗ್ಲಿಷಿನ ಏಣಿ ಮೋಸ ಮಾಡುತ್ತದೆ, ಒಂದೇ ಅಕ್ಷರ ಒಂದೊಂದು ಕಡೆ ಒಂದೊಂದು ಧ್ವನಿ ಕೊಡುತ್ತದೆ, ಕನ್ನಡದ್ದು ಮೋಸ ಮಾಡುವುದಿಲ್ಲವೆಂದು ಅವನೇ ಕಂಡುಹಿಡಿದ. ಪ್ರತಿಯಾಗಿ, "ವೆಸ್ಟ್" ಎಂಬ ಎರಡು ಪದಗಳನ್ನು ನಾನು ಒಂದೇ ರೀತಿ ಉಚ್ಚರಿಸುತ್ತೇನೆಂದು, ಒಂದಕ್ಕೆ ತುಟಿಯನ್ನು ಹಲ್ಲಿಗೆ ತಾಗಿಸಬೇಕೆಂದೂ ಇನ್ನೊಂದಕ್ಕೆ ತುಟಿ ದುಂಡಗೆ ಮಾಡಬೇಕೆಂದೂ, ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ ತಿದ್ದಿದ. ಇನ್ನೂ ಬಂದಿಲ್ಲ.

ಬಾಯಿಪಾಠದ ವಚನಗಳು 1611ರ ಇಂಗ್ಲಿಷ್ ಬೈಬಲಿನವು. ಆರು ವರ್ಷದ ಮಗುವಿಗೆ ನಾನೂರು ವರ್ಷದ ಹಿಂದಿನ ಭಾಷೆ ಏಕೆ, ಹೊಸ ಭಾಷಾಂತರ ಬಳಸೋಣವೆಂದು ಮಗಳು ಯೋಚಿಸುತ್ತಿದ್ದಳು. ಕೆಲವು ಕಡೆ ಹಾಗೆಯೇ ಮಾಡಿದೆವು. ಆದರೆ "ದೌ" ಎಂದರೆ ಯಾರು ಎಂದು ಹುಡುಗ ಕೇಳಿದಾಗ ಒಂದು ಸೋಜಿಗ ನಡೆಯಿತು. ನೆರೆಯ ಅಮೆರಿಕನ್ ತಾಯಿಗೆ ಅದನ್ನು ವಿವರಿಸಲು ಕಾಲು ಗಂಟೆ ಬೇಕಾಗುತ್ತಿತ್ತು. ನಾನು, "ದೌ ಎಂದರೆ ನೀನು, ಯೀ ಎಂದರೆ ನೀವು" ಎಂದೆ. ಅಷ್ಟೇ. ದೇವರನ್ನು "ನೀನು" ಎನ್ನಬಹುದೇ ಎಂದು ಕೇಳಿದ. ಅಮ್ಮನನ್ನು ಏನೆನ್ನುತ್ತೀ ಎಂದೆ. ಅಲ್ಲಿಗೆ ಪಾಠ ಮುಗಿಯಿತು. ಇಪ್ಪತ್ತಮೂರನೆಯ ಕೀರ್ತನೆಯನ್ನು ಅವನು ಎರಡೂ ಭಾಷೆಗಳಲ್ಲಿ ಕಲಿತ. 1862ರಲ್ಲಿಯೇ ಕಿಟ್ಟೆಲ್ ಅವರು ತಮ್ಮ "ಕಥಾಮಾಲೆ"ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿದರು. ಜರ್ಮನಿಯಿಂದ ಬಂದವರು ಅಷ್ಟು ಮಾಡಿರುವಾಗ, ಟೆಕ್ಸಸ್ಸಿನ ಊಟದ ಮೇಜಿನಲ್ಲಿ ನಾವು ಇಷ್ಟಾದರೂ ಮಾಡಬೇಡವೆ?

ಇನ್ನು, ಬರೆಯಬೇಕೋ ಬೇಡವೋ ಎಂದು ನಾನು ಹಿಂದೆಮುಂದೆ ನೋಡಿದ ಭಾಗ.

ನವೆಂಬರಿನ ಒಂದು ಸಂಜೆ ಮೊಮ್ಮಗ ನನ್ನ ಬಳಿ ಬಂದು, "ಅಜ್ಜಿ, ನಿಮ್ಮ ಊರಿನ ಜನ ತಮ್ಮ ಮಕ್ಕಳನ್ನು ಪ್ರೀತಿಸುವುದಿಲ್ಲವಾ?" ಎಂದು ಕೇಳಿದ. ಪೆಟ್ಟಿಗೆಯೊಡನೆ ಬಂದಿದ್ದ ಮಿಶನರಿಗಳ ಕಥೆಪುಸ್ತಕದಲ್ಲಿ ಭಾರತದ ಬಗ್ಗೆ ಒಂದು ಅಧ್ಯಾಯವಿತ್ತು. ತೆಗೆದು ಓದಿದೆ. ದೇಶಕ್ಕೆ ದೇಶವೇ ಕತ್ತಲೆಯಲ್ಲಿ ಮುಳುಗಿತ್ತು, ಅಲ್ಲಿನ ತಾಯಿತಂದೆಯರ ಹೃದಯ ಕಲ್ಲಾಗಿತ್ತು, ಹಡಗಿನಿಂದ ಇಳಿದವರು ಬಂದು ಬೆಳಕು ಕೊಟ್ಟರು ಎಂಬ ಧಾಟಿ. ಕೊನೆಯಲ್ಲಿ ಪ್ರಶ್ನೆಗಳು, ಬಣ್ಣ ಹಚ್ಚಲು ಒಂದು ಚಿತ್ರ.

ನಾನು ಹುಟ್ಟು ಕ್ರೈಸ್ತಳು. ನನ್ನ ಮುತ್ತಜ್ಜ ಅಕ್ಷರ ಕಲಿತದ್ದು ಬಾಸೆಲ್ ಮಿಶನ್ನಿನವರಿಂದ. 1834ರಲ್ಲಿ ಅವರು ಮಂಗಳೂರಿಗೆ ಬಾರದಿದ್ದರೆ ನಾನು ಶಿಕ್ಷಕಿಯಾಗುತ್ತಿದ್ದೆನೋ ಇಲ್ಲವೋ. ಆ ಋಣವನ್ನು ಮರೆತವಳಲ್ಲ. ದೋಹ್ನಾವೂರಿನಲ್ಲಿ ಏಮಿ ಕಾರ್ಮೈಕಲ್ ಅವರು ದೇವಸ್ಥಾನಗಳಿಗೆ ಅರ್ಪಿತರಾಗಲಿದ್ದ ಎಳೆಯ ಹೆಣ್ಣುಮಕ್ಕಳನ್ನು ಉಳಿಸಿ ಸಾಕಿದ್ದು ನಿಜ. ಅದನ್ನು ಮುಚ್ಚಿಡುವುದೂ ತಪ್ಪೇ. ಆದರೆ ನನ್ನ ಮಗಳಿಗೆ ನಾಲ್ಕು ವರ್ಷವಿದ್ದಾಗ ಟೈಫಾಯ್ಡ್ ಬಂದಿತ್ತು. ನನ್ನ ಅಮ್ಮನೂ ಆಗ ಆಸ್ಪತ್ರೆಯಲ್ಲಿದ್ದಳು. ಹದಿಮೂರು ದಿನ ನೆರೆಮನೆಯ ಶೆಡ್ತಿಯಮ್ಮ ಬಂದು ಅವಳ ಬಳಿ ಕುಳಿತು ಗಂಜಿ ತಿಳಿ ಕುಡಿಸಿದರು; ರಾತ್ರಿ ತಮ್ಮ ಮನೆಯ ತುಳಸಿಕಟ್ಟೆಗೆ ದೀಪವಿಟ್ಟು ನನ್ನ ಮಗಳಿಗಾಗಿ ಹರಕೆ ಹೇಳಿಕೊಂಡರು. ಆ ಹುಡುಗಿ ಬೆಳೆದು, ಅವರನ್ನು ಕಲ್ಲುಹೃದಯದವರೆನ್ನುವ ಪುಸ್ತಕಕ್ಕೆ ಹಣ ಕೊಟ್ಟಿದ್ದಳು.

ಮಗಳ ಮುಂದೆ ಪುಸ್ತಕ ಇಟ್ಟೆ. "ಅಮ್ಮ, ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಒಂದು ಅಧ್ಯಾಯ. ಒಳ್ಳೆಯ ಮನಸ್ಸಿನವರು ಬರೆದದ್ದು" ಎಂದಳು. "ನೀನು ಓದಿದ್ದೆಯಾ?" ಎಂದು ಕೇಳಿದೆ. ಓದಿರಲಿಲ್ಲ. ಕ್ರೈಸ್ತ ಪುಸ್ತಕವೆಂಬ ನಂಬಿಕೆಯಿಂದ ಮಗನ ಕೈಗೆ ನೇರವಾಗಿ ಕೊಟ್ಟಿದ್ದಳು. ಎರಡು ದಿನ ನಮ್ಮ ನಡುವೆ ಮಾತು ಕಡಿಮೆಯಾಯಿತು. ಮೂರನೆಯ ದಿನ ಬೆಳಿಗ್ಗೆ ಚಹಾ ಲೋಟದೊಡನೆ ಬಂದು ಕುಳಿತು, "ಶೆಡ್ತಿಯಮ್ಮನ ಮುಖ ಕಣ್ಣ ಮುಂದೆ ಬಂತು" ಎಂದಷ್ಟೇ ಹೇಳಿದಳು. ಅಧ್ಯಾಯವನ್ನು ಹರಿದು ಹಾಕುವುದು ಬೇಡವೆಂದೆ. ಹುಡುಗನಿಗೆ ಹನ್ನೆರಡಾಗಲಿ, ಇದನ್ನು ಬರೆದವರು ಯಾರು, ಏಕೆ ಹೀಗೆ ಬರೆದರು ಎಂದು ಕೇಳುವ ವಯಸ್ಸಿನಲ್ಲಿ ಓದಲಿ. ಪುಸ್ತಕ ಮೇಲಿನ ಕಪಾಟಿಗೆ ಹೋಯಿತು.

ಆ ಜಾಗಕ್ಕೆ ಏನು? ನಮ್ಮ ತಾಲೂಕಿನದೇ ಕಥೆಯಿತ್ತು. ಕಾರ್ಕಳದಿಂದ ಬಜಗೋಳಿ ದಾಟಿ ಕುದುರೆಮುಖದ ಘಟ್ಟ ಹತ್ತುವ ರಸ್ತೆಯಲ್ಲಿ ಮಾಳವೆಂಬ ಊರಿದೆ. ಅಲ್ಲಿಯವರಾದ ಅನಂತಶಾಸ್ತ್ರಿ ಡೋಂಗ್ರೆ, ಹೆಂಗಸರಿಗೆ ಸಂಸ್ಕೃತವೇಕೆಂದು ಪಂಡಿತರು ಆಕ್ಷೇಪಿಸಿದರೂ ಕೇಳದೆ, ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು; ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ಅಲ್ಲಿ 1858ರಲ್ಲಿ ಹುಟ್ಟಿದ ಮಗಳು ರಮಾಬಾಯಿ. ಊರೂರು ಪುರಾಣ ಹೇಳುತ್ತ ತಿರುಗುತ್ತಿದ್ದ ಆ ಕುಟುಂಬದಲ್ಲಿ, ದಿನದ ಕೆಲಸ ಹತ್ತುವ ಮೊದಲು, ಬೆಳಕು ಹರಿಯುವುದಕ್ಕೆ ಮುಂಚೆ, ತಾಯಿ ಮಗಳನ್ನು ಮುದ್ದಿಸಿ ಎಬ್ಬಿಸಿ ಪಾಠ ಹೇಳುತ್ತಿದ್ದಳು. ಪುಸ್ತಕಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ. 1870ರ ದಶಕದ ಬರದಲ್ಲಿ ತಾಯಿತಂದೆಯರು ತೀರಿಹೋದರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಈ ತರುಣಿಯ ಸಂಸ್ಕೃತಕ್ಕೆ ಬೆರಗಾಗಿ "ಪಂಡಿತಾ" ಎಂದೂ "ಸರಸ್ವತಿ" ಎಂದೂ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತ ದೀಕ್ಷೆ ಪಡೆದರು. ಆಮೇಲೂ ಧರ್ಮಗುರುಗಳು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಿದವರಲ್ಲ. 1886ರಲ್ಲಿ ಅಮೆರಿಕಕ್ಕೆ ಹೋಗಿ ಫಿಲಡೆಲ್ಫಿಯಾದಲ್ಲಿ ಫ್ರೋಬೆಲನ ಶಿಶುವಿಹಾರ ಪದ್ಧತಿಯನ್ನು ಅಭ್ಯಾಸ ಮಾಡಿದರು, ನಮಗೆ ಬಿ.ಎಡ್.ನಲ್ಲಿ ಹತ್ತು ಅಂಕದ ಪ್ರಶ್ನೆಯಾಗಿದ್ದ ಅದೇ ಫ್ರೋಬೆಲ್. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಮುಂದೆ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತಂದರು.

ಇದನ್ನು ನಾನು ಐದು ರಾತ್ರಿ ಸ್ವಲ್ಪ ಸ್ವಲ್ಪವಾಗಿ ಹೇಳಿದೆ. ಬರಗಾಲವನ್ನೂ ಬಿಡಲಿಲ್ಲ, ವಿಧವೆಯರ ಸಂಕಟವನ್ನೂ ಬಿಡಲಿಲ್ಲ, ಮಗುವಿಗೆ ತಡೆಯುವಷ್ಟು. ಕಾಡಿನಲ್ಲಿ ಮಗಳನ್ನು ಎಬ್ಬಿಸಿದ ತಾಯಿಯನ್ನೂ ಬಿಡಲಿಲ್ಲ. ಎಲ್ಲ ಕೇಳಿದ ಮೇಲೆ ಹುಡುಗನ ಪ್ರಶ್ನೆ ಒಂದೇ: "ಅವಳ ಅಮ್ಮ ಯಾವ ಕರಿಕ್ಯುಲಮ್ ತರಿಸಿದ್ದಳು?" ಮಗಳು ಅಡುಗೆಮನೆಯಿಂದ ನಕ್ಕದ್ದು ಕೇಳಿಸಿತು.

ವಿಜ್ಞಾನದ ವಿಷಯದಲ್ಲಿ ನನ್ನ ಅಭಿಪ್ರಾಯ ಚಿಕ್ಕದು. ಈ ಪಠ್ಯಕ್ರಮಗಳಲ್ಲಿ ಹಲವು, ಭೂಮಿಗೆ ಕೆಲವೇ ಸಾವಿರ ವರ್ಷ ವಯಸ್ಸೆಂದು ಕಲಿಸುತ್ತವೆ. ಎಳೆಯ ಮಕ್ಕಳ ಮಟ್ಟಿಗೆ ವಿಜ್ಞಾನವೆಂದರೆ ಇರುವೆ, ಎಲೆ, ಮಳೆ, ನೆರಳು. ಜಗಳಕ್ಕೆ ಅಲ್ಲಿ ಎಡೆಯಿಲ್ಲ. ದೊಡ್ಡವರಾದ ಮೇಲೆ ಮಾತ್ರ ಬಂಡೆಗಳ ವಯಸ್ಸನ್ನು ಭೂವಿಜ್ಞಾನಿಗಳು ಹೇಗೆ ಅಳೆಯುತ್ತಾರೆಂಬುದನ್ನು ಅವರ ಪುಸ್ತಕದಿಂದಲೇ ಓದಬೇಕು. ವಿಜ್ಞಾನಿಗಳನ್ನು ಗೇಲಿ ಮಾಡುವ ಪುಟ ನನ್ನ ಮೊಮ್ಮಕ್ಕಳ ಮುಂದೆ ಬಂದರೆ ಅದೂ ಮೇಲಿನ ಕಪಾಟಿಗೆ. ಆದಿಕಾಂಡವನ್ನು ನಾನು ಪ್ರತಿ ವರ್ಷ ಓದುತ್ತೇನೆ. ಬಂಡೆಯ ವಯಸ್ಸು ತಿಳಿಯಲೆಂದು ಓದಿದ ನೆನಪಿಲ್ಲ.

ನನಗೆ ಇಂದಿಗೂ ಸಮಾಧಾನವಿಲ್ಲದ್ದು ಒಂದಿದೆ. ಮಂಗಳವ���ರದಂದು ಚರ್ಚಿನ ಸಭಾಂಗಣದಲ್ಲಿ ಹತ್ತಿಪ್ಪತ್ತು ಕುಟುಂಬಗಳು ಸೇರುತ್ತವೆ. ಒಬ್ಬ ತಾಯಿ ಸಂಗೀತ, ಇನ್ನೊಬ್ಬಳು ಚಿತ್ರಕಲೆ ಹೇಳಿಕೊಡುತ್ತಾಳೆ. ಮಕ್ಕಳಿಗೆ ಗೆಳೆಯರಿದ್ದಾರೆ, ಇಲ್ಲವೆಂದಲ್ಲ. ಆದರೆ ಎಲ್ಲರೂ ಒಂದೇ ಸಭೆಯವರು, ಒಂದೇ ಬಗೆಯ ಊಟ, ಒಂದೇ ಬಗೆಯ ಪ್ರಾರ್ಥನೆ. ನನ್ನ ತರಗತಿಯಲ್ಲಿ ಜೈನರ ಹುಡುಗಿಯ ಪಕ್ಕ ಬ್ಯಾರಿ ಹುಡುಗಿ, ಅವಳ ಪಕ್ಕ ಕೊರಗರ ಕೇರಿಯಿಂದ ಬಂದವಳು ಕೂರುತ್ತಿದ್ದರು. ಬುತ್ತಿ ಬಿಚ್ಚಿದಾಗ ನಾನು ಕಲಿಸದ ಪಾಠಗಳು ನಡೆಯುತ್ತಿದ್ದವು. ಇದನ್ನು ಯಾವ ಪೆಟ್ಟಿಗೆಯೂ ಕಳಿಸುವುದಿಲ್ಲ. ಮಗಳು ಒಪ್ಪುತ್ತಾಳೆ, ಪೂರ್ತಿಯಾಗಿ ಅಲ್ಲ. ಹುಡುಗನನ್ನು ಸಾರ್ವಜನಿಕ ಗ್ರಂಥಾಲಯದ ಕಥಾಸಮಯಕ್ಕೂ ಈಜಿಗೂ ಸೇರಿಸಿದ್ದಾಳೆ. ಪಕ್ಕದ ಬೀದಿಯ ಗುಜರಾತಿ ಹುಡುಗನೊಡನೆ ಸೈಕಲ್ಲು ಹೊಡೆಯುತ್ತಾನೆ. ಐದನೆಯ ತರಗತಿಯ ಹೊತ್ತಿಗೆ ಶಾಲೆಗೆ ಸೇರಿಸೆಂದು ನಾನು, ನೋಡೋಣವೆಂದು ಅವಳು. ಈ ವಾದ ಮುಗಿದಿಲ್ಲ.

ಓಹಾಯೋದ ನನ್ನ ಹುಡುಗಿಗೆ ಈಗ ಉತ್ತರ. ನಿನ್ನ ಮಗಳಿಗೆ ಐದಷ್ಟೇ. ಅಲ್ಲಿ ಆರು ತುಂಬುವವರೆಗೆ ಕಡ್ಡಾಯವೇನೂ ಇಲ್ಲ. ಈ ವರ್ಷ ದೊಡ್ಡ ಪೆಟ್ಟಿಗೆ ತರಿಸಬೇಡ. ಗ್ರಂಥಾಲಯದ ಕಾರ್ಡು ಮಾಡಿಸು, ದಿನಕ್ಕೆ ಮೂರು ಪುಸ್ತಕ ಗಟ್ಟಿಯಾಗಿ ಓದು, ಅಕ್ಷರಧ್ವನಿಗೆ ಒಂದು ತೆಳ್ಳನೆಯ ಪುಸ್ತಕ ಇಟ್ಟುಕೋ, ಹೊರಗೆ ಆಡಲು ಬಿಡು. ಮುಂದಿನ ವರ್ಷ ತರಿಸುವುದಾದರೆ, ಬೇಸಗೆಯಲ್ಲಿ ಮನೆಶಾಲೆಯ ತಾಯಂದಿರು ಹಳೆಯ ಪುಸ್ತಕಗಳನ್ನು ಅಗ್ಗಕ್ಕೆ ಮಾರುತ್ತಾರೆ. ಅಲ್ಲಿ ಹೋಗಿ ಕೈಯಲ್ಲಿ ಹಿಡಿದು ನೋಡು. ನಿನಗೆ ಓದಿ ಹೇಳುವುದು ಇಷ್ಟವೋ, ಕ್ರಮವಾಗಿ ಹಾಳೆ ಮಾಡಿಸುವುದು ಇಷ್ಟವೋ? ನೀನು ಎಂಟನೆಯಲ್ಲಿದ್ದಾಗ ಪಟ್ಟಿ ಹಾಕಿ ಬರೆಯುತ್ತಿದ್ದವಳು, ಕೋಷ್ಟಕವಿಲ್ಲದಿದ್ದರೆ ನಿನಗೆ ಕಷ್ಟವಾಗಬಹುದು. ಯಾವುದನ್ನೇ ತಂದರೂ ಮಗಳ ಕೈಗೆ ಕೊಡುವ ಮೊದಲು ನೀನು ಓದು, ಬೈಬಲ್ ಕಥೆಯ ಪುಸ್ತಕವನ್ನೂ ಸೇರಿಸಿ. ಅವಳು ನಿನ್ನ ಹಾಗೆಯೇ ಉತ್ತರ ಗೊತ್ತಿದ್ದೂ ಸುಮ್ಮನಿರುವವಳಾದರೆ ಕಾಯಬೇಕಾಗುತ್ತದೆ. ನಲವತ್ತು ಮಕ್ಕಳ ನಡುವೆ ನಿನಗಾಗಿ ನಾನು ಅಷ್ಟು ಹೊತ್ತು ಕಾಯಲಿಲ್ಲ.

ನಿನ್ನೆ ರಾತ್ರಿ ಮಗಳು ಮಾತಾಡಿದಳು. ಅಣ್ಣನ ಪುಸ್ತಕಗಳನ್ನು ತಂಗಿಗೆ ಹಾಕಿದರೆ ಅವಳು ಮೇಜಿನ ಕೆಳಗೆ ಹೋಗಿ ಕೂರುತ್ತಾಳಂತೆ. ಅಣ್ಣನಿಗೆ ಬೇಡವಾದ ಬರವಣಿಗೆಯ ಹಾಳೆಗಳೆಂದರೆ ಮಾತ್ರ ಅವಳಿಗೆ ಪ್ರಾಣವಂತೆ. ಕೆಂಪು ಪೆನ್ಸಿಲಿನ ಗುರುತುಗಳನ್ನೆಲ್ಲ ಅಳಿಸಿ ಹೊಸದಾಗಿ ಹಾಕುತ್ತಿದ್ದಾಳೆ. ಕನ್ನಡ ಬರೆಯುವ ಸ್ಲೇಟು ಒಡೆದಿದೆ, ಬರುವವರ ಕೈಯಲ್ಲಿ ಎರಡು ಕಳಿಸು, ಕಡ್ಡಿಯನ್ನೂ ಕಳಿಸು ಎಂದಿದ್ದಾಳೆ. ಕಾರ್ಕಳದ ಪೇಟೆಯಲ್ಲಿ ಮೂರು ಅಂಗಡಿ ಸುತ್ತಿದೆ. ಎಲ್ಲ ಕಡೆಯೂ ಪ್ಲಾಸ್ಟಿಕ್ಕಿನವು. ಮರದ ಚೌಕಟ್ಟಿನ ಕಲ್ಲಿನ ಸ್ಲೇಟು ಎಲ್ಲಿ ಸಿಗುತ್ತದೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನಮ್ಮ ಸಭೆಯವರೊಬ್ಬರು ಮುಂದಿನ ತಿಂಗಳು ಡಲ್ಲಾಸಿಗೆ ಹೊರಡುವವರಿದ್ದಾರೆ.